ಒಲೆಯ ಮಹಜರು

ಮಹಜರಪ್ಪ ಎಂಬುದು ಅವರಿಗೆ ಹೆತ್ತವರು ಇಟ್ಟ ಹೆಸರಲ್ಲ. ಅಷ್ಟು ನಿರ್ದಯರಾದ ಹೆತ್ತವರು ಇರಲಾರರು. ಪುರಸಭೆಯ ಜಫ್ತಿ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು, ಬೀದಿಯಿಂದ ಎತ್ತಿ ತಂದ ತಳ್ಳುಗಾಡಿ, ಮುರಿದ ಬೋರ್ಡು, ವಾರಸುದಾರರಿಲ್ಲದ ಕುರ್ಚಿ ಮುಂತಾದವು ಸಿಕ್ಕಾಗ ಹೇಗಿದ್ದವು ಎಂದು ಇಬ್ಬರು ಸಾಕ್ಷಿಗಳ ಎದುರು ಬರೆದು ಸಹಿ ಹಾಕಿಸುವುದು ಅವರ ಕೆಲಸ. ಆ ಬರಹಕ್ಕೆ ಮಹಜರು ಎನ್ನುತ್ತಾರೆ. ಕುರ್ಚಿಗೆ ಮೂರು ಕಾಲಿದ್ದರೆ ಮೂರು ಎಂದೇ ಬರೆಯಬೇಕು. ನಾಲ್ಕನೆಯದನ್ನು ಯಾರು ಮುರಿದಿರಬಹುದು ಎಂದು ಊಹಿಸಬಾರದು. ಈ ನಿಯಮವನ್ನು ಅವರು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಮದುವೆಯಾದ ಹೊಸದರಲ್ಲಿ ಹೆಂಡತಿಯ ಟ್ರಂಕನ್ನು ಮನೆಯೊಳಗೆ ತರುವ ಮೊದಲು ಅದರ ಮೂಲೆಯಲ್ಲಿದ್ದ ತಗ್ಗನ್ನು ಬರೆದುಕೊಂಡು ಮಾವನವರ ಸಹಿ ಕೇಳಿದ್ದರು. ಮಾವನವರು ಸಹಿ ಹಾಕಿದರು, ಆದರೆ ಆಮೇಲೆ ಬದುಕಿರುವವರೆಗೂ ಅಳಿಯನ ಮನೆಯಲ್ಲಿ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿದೇ ಕುಡಿದರು.

"ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಒಂದು ಮಹಜರೂ ಸುಳ್ಳಾಗಿಲ್ಲ" ಎಂದು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ, ಅದು ಬೇರೆ ಮಾತು.

ಇಂಥವರ ಬಾಳಿನಲ್ಲಿ ಎಂಟು ತಿಂಗಳ ಹಿಂದೆ ಡಾಕ್ಟರು ಅಡ್ಡ ಬಂದರು. ರಕ್ತದಲ್ಲಿ ಕೊಬ್ಬು ಜಾಸ್ತಿ ಇದೆ, ಇನ್ನುಮೇಲೆ ಕರಿದದ್ದು ಕಣ್ಣಿನಿಂದಲೂ ನೋಡಬೇಡಿ ಎಂದರು. ಮಹಜರಪ್ಪನವರಿಗೆ ಕರಿದ ಆಲೂಗಡ್ಡೆ ಎಂದರೆ ಪ್ರಾಣ. ಅವರು ಅತ್ತಿದ್ದರೋ ಏನೋ, ಆದರೆ ಅಷ್ಟರಲ್ಲಿ ಅವರ ಹೆಂಡತಿ, "ನೀವು ತಿನ್ನದ್ದು ನನಗೂ ಬೇಡ. ಇವತ್ತಿಂದ ಇಬ್ಬರಿಗೂ ಬೇಯಿಸಿದ್ದೇ" ಎಂದುಬಿಟ್ಟರು. ಈಕೆ ಮನೆಯಲ್ಲೇ ಕೂತು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವವರು. ಕಟ್ಟಡದವರೆಲ್ಲ ಟೈಲರಮ್ಮ ಎನ್ನುತ್ತಾರೆ. ಆ ಮಾತು ಮೂರು ಮಹಡಿಗೂ ಹಬ್ಬಿತು. ಹೆಂಡತಿ ಅಂದರೆ ಹೀಗಿರಬೇಕು ಎಂದು ಗಂಡಸರೆಲ್ಲ ಅವರವರ ಮನೆಯಲ್ಲಿ ಹೇಳಿ ಬೈಸಿಕೊಂಡರು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಟೈಲರಮ್ಮನಿಗೆ ಒಬ್ಬ ಅಣ್ಣನಿದ್ದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು, ಆದರೆ ಕುತ್ತಿಗೆಯ ಸೀಟಿಗೆ ಇನ್ನೂ ನಿವೃತ್ತಿ ಕೊಟ್ಟಿರಲಿಲ್ಲ. ಅವರಿಗೆ ಜಗತ್ತಿನಲ್ಲಿ ಈ ತಂಗಿಯೊಬ್ಬಳನ್ನು ಬಿಟ್ಟರೆ ಯಾರ ಮೇಲೂ ನಂಬಿಕೆ ಇಲ್ಲ, ಅವಳ ಗಂಡನ ಮೇಲಂತೂ ಕೇಳಲೇಬೇಡಿ. ಅವರು ಬಂದು ಹೊಸ್ತಿಲಲ್ಲೇ ನಿಂತು ಹೇಳಿದರು: "ನಾನು ಆಗಾಗ ಬಂದು ಮೂಸಿ ನೋಡ್ತೀನಿ. ಈ ಮನೇಲಿ ಒಂದೇ ಒಂದು ಸಲ ಕರಿದ ವಾಸನೆ ಬಂದ್ರೆ ಹಾಸಿಗೆ ಸಮೇತ ಬಂದುಬಿಡ್ತೀನಿ. ಎರಡು ತಿಂಗಳು. ಬೆಳಿಗ್ಗೆ ಐದೂವರೆಗೆ ಟೆರೇಸಲ್ಲಿ ಡ್ರಿಲ್. ನಿಮ್ಮ ರೇಡಿಯೋ ರೂಮು ನನಗೆ."

ರೇಡಿಯೋ ರೂಮು ಎಂದರೆ ಒಂದು ಆರಾಮ ಕುರ್ಚಿ, ಒಂದು ರೇಡಿಯೋ ಹಿಡಿಸುವಷ್ಟು ಜಾಗ. ಮಹಜರಪ್ಪನವರು ಅಲ್ಲಿ ಸಂಜೆ ಕೂತರೆಂದರೆ ಆಮೇಲೆ ಅವರು ಯಾರ ಅಧೀನದಲ್ಲೂ ಇರುತ್ತಿರಲಿಲ್ಲ. ಹಿಂದೊಮ್ಮೆ ಭಾವ ಒಂದೇ ವಾರ ಬಂದು ಉಳಿದು ಹಾರಿಸಿದ್ದಾಗ ಇವರು ಕಚೇರಿಯ ಮೆಟ್ಟಿಲನ್ನು ಕೂತುಕೊಂಡೇ ಇಳಿದಿದ್ದರು. ಎರಡು ತಿಂಗಳು ಎಂದರೆ ಏನಾಗಬಹುದೆಂದು ಲೆಕ್ಕ ಹಾಕುವ ಧೈರ್ಯವೂ ಅವರಿಗಿರಲಿಲ್ಲ.

ಗುರುವಾರ ಬೆಳಿಗ್ಗೆ ಟೈಲರಮ್ಮನ ತಂಗಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳೆಂದು ಫೋನು ಬಂತು. ಎರಡು ಗಂಟೆ ಬಸ್ಸಿನ ದಾರಿ. ಟೈಲರಮ್ಮ ಮಶೀನಿನ ಮೇಲೆ ಅರ್ಧ ಹೊಲಿದ ಅಂಗಿಯನ್ನು ಹಾಗೇ ಬಿಟ್ಟು, ಎರಡು ಸೀರೆ ಚೀಲಕ್ಕೆ ತುರುಕಿ ಹೊರಟರು. ಶಾಲೆಯವರು ಈ ವರ್ಷ ನೀಲಿ ಬಿಟ್ಟು ಮರೂನ್ ಬಣ್ಣ ಹಿಡಿದಿದ್ದರು. ಹೋದ ಸೋಮವಾರವಷ್ಟೇ ಬಟ್ಟೆಯ ಗಂಟು ಬಂದು, ಮನೆಯ ತುಂಬ ಮರೂನ್ ಚಿಂದಿ, ಮರೂನ್ ದಾರ.

"ಭಾನುವಾರ ಬರ್ತೀನಿ. ಅಣ್ಣನೂ ಅವತ್ತೇ ಬರ್ತಾನೆ. ಅಲ್ಲೀವರೆಗೂ ಬ್ರೆಡ್ಡು, ಹಣ್ಣು ತಿಂದ್ಕೊಂಡಿರಿ. ಒಲೆ ಹತ್ರ ಮಾತ್ರ ಹೋಗ್ಬೇಡಿ."

"ನಾನ್ಯಾಕೆ ಹೋಗ್ಲಿ?"

"ಹೋಗ್ಬೇಡಿ ಅಂದ್ರೆ ಹೋಗ್ಬೇಡಿ ಅಷ್ಟೇ" ಎಂದು ಎರಡು ಸಲ ಹೇಳಿ, ಬಸ್ಸಿಗೆ ಹೊತ್ತಾದರೂ ಮೆಟ್ಟಿಲಿಂದ ವಾಪಸು ಬಂದು ಮೂರನೆಯ ಸಲವೂ ಹೇಳಿಹೋದರು.

ಶನಿವಾರ ರಜೆ. ಮಹಜರಪ್ಪನವರಿಗೆ ಬಿಸಿ ಹಾಲು ಕುಡಿಯಬೇಕೆನಿಸಿತು. ಹಾಲು ಕಾಯಿಸುವುದರಲ್ಲಿ ಏನು ತಪ್ಪಿದೆ? ಅದು ಆ ಮನೆಯ ಜೊತೆಯೇ ಬಾಡಿಗೆಗೆ ಬಂದ ಹಳೆಯ ಕರೆಂಟ್ ಒಲೆ: ಅಡುಗೆಕಟ್ಟೆಯಲ್ಲಿ ಕೂರಿಸಿದ್ದು, ನಾಲ್ಕು ಕಪ್ಪು ಕಬ್ಬಿಣದ ಬಿಲ್ಲೆ, ಪ್ರತಿ ಬಿಲ್ಲೆಯ ಸುತ್ತ ಒಂದು ಸ್ಟೀಲ್ ಬಳೆ, ಮುಂದೆ ನಾಲ್ಕು ಗುಂಡಿ. ಯಾವ ಗುಂಡಿ ಯಾವ ಬಿಲ್ಲೆಯದೆಂದು ತೋರಿಸುವ ಗುರುತು ಅಳಿಸಿಹೋಗಿ ಎಷ್ಟೋ ವರ್ಷ. ಹಾಲನ್ನು ಮುಂದಿನ ಬಿಲ್ಲೆಯ ಮೇಲಿಟ್ಟು ಅವರು ಒಂದು ಗುಂಡಿ ತಿರುಗಿಸಿದರು. ಕಾದದ್ದು ಹಿಂದಿನ ಬಲಗಡೆಯದು. ಹಾಲು ತಣ್ಣಗೆ ಕೂತಿತ್ತು, ಹಿಂದಿನಿಂದ ತೆಳ್ಳಗೆ ಹೊಗೆ ಎದ್ದಿತು, ಜೊತೆಗೆ ವಾಸನೆ. ಎಂಟು ತಿಂಗಳಿಂದ ಕನಸಿನಲ್ಲಿ ಮಾತ್ರ ಬರುತ್ತಿದ್ದ ವಾಸನೆ. ಕರಿದ ಆಲೂಗಡ್ಡೆ.

ಮೊದಲು ಅವರಿಗೆ ಬಾಯಲ್ಲಿ ನೀರು ಬಂತು. ಆಮೇಲೆ ಬೆನ್ನಲ್ಲಿ ಬೆವರು ಬಂತು. ನಾಳೆ ಭಾವ ಬರುತ್ತಾರೆ, ಮೂಗು ಜೊತೆಗೇ ಬರುತ್ತದೆ. ಮೂರು ದಿನದಿಂದ ಮನೆಯಲ್ಲಿರುವವನು ತಾನೊಬ್ಬನೇ. ಹಿಂದಿನ ಬಾಡಿಗೆಯವರ ಪಾಪ ಒಲೆಯೊಳಗೆ ಇಷ್ಟು ವರ್ಷ ಅಡಗಿ ಕೂತು ಇವತ್ತು ಕಾವಿಗೆ ಎದ್ದಿದೆ ಎಂದರೆ ಯಾರು ನಂಬುತ್ತಾರೆ?

ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿಕೊಂಡು ಒಲೆಯನ್ನು ತಿಕ್ಕಿ ತೊಳೆದು ಸುಮ್ಮನಾಗುತ್ತಿದ್ದರು. ಮಹಜರಪ್ಪನವರು ಹಾಗಲ್ಲ. ಯಾವ ವಸ್ತುವನ್ನೇ ಆಗಲಿ, ಮುಟ್ಟುವ ಮೊದಲು ಮಹಜರಾಗಬೇಕು. ವಾಸನೆ ತಾನು ಬರುವ ಮೊದಲೇ ಇತ್ತೆಂದು ಇಬ್ಬರು ಸಾಕ್ಷಿ ಹೇಳಿದರೆ ಭಾವ ಏನು ಮಾಡಿಯಾರು? ಅವರು ಒಲೆ ಆರಿಸಿ, ಮೀಸೆ ಬಾಚಿಕೊಂಡು, ಕಚೇರಿಯ ಅಂಗಿ ತೊಟ್ಟು ಎದುರುಮನೆಯ ಬಾಗಿಲು ತಟ್ಟಿದರು.

ಎದುರುಮನೆಯಲ್ಲಿದ್ದವರು ಇನ್ಶೂರೆನ್ಸ್ ಏಜೆಂಟರು.

"ವಾಸನೆಗೆ ಸಾಕ್ಷಿನಾ?" ಎಂದರು ಅವರು.

"ಹೌದು. ಒಲೆನ ನಾನು ಮುಟ್ಟೋಕೆ ಮೊದಲೇ ಇತ್ತು ಅಂತ ಒಂದು ಸಹಿ."

"ಇತ್ತಾ?"

"ಅದನ್ನೇ ನೀವು ಬಂದು ನೋಡಿ ಹೇಳ್ಬೇಕು."

"ಈಗ ಯಾರಾದ್ರೂ ನಿಮ್ಮನ್ನ ಕೇಳಿದ್ರಾ?"

"ಇನ್ನೂ ಇಲ್ಲ. ನಾಳೆ ಕೇಳ್ತಾರೆ."

ಏಜೆಂಟರು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಬರುವವರನ್ನು ಅವರು ತಮ್ಮ ಕಸುಬಿನಲ್ಲಿ ಬೇಕಾದಷ್ಟು ಕಂಡಿದ್ದರು. "ಟೈಲರಮ್ಮ ಎಲ್ಲಿ, ಕಾಣಿಸ್ತಾ ಇಲ್ಲ?"

"ತಂಗಿ ಮನೆಗೆ ಹೋಗಿದ್ದಾಳೆ."

"ನಿಮಗೆ ಹೇಳಿ ಹೋದ್ರಾ?"

"ಮತ್ತೇನು ನಿಮಗೆ ಹೇಳಿ ಹೋಗ್ತಾಳಾ?"

"ಅಲ್ಲ, ಅವರ ಹೆಸರಲ್ಲಿ ಪಾಲಿಸಿ ಏನಾದ್ರೂ ಇದೆಯಾ ಅಂತ. ನನ್ನ ಹತ್ರ ಮಾಡಿಸಿಲ್ಲ, ಅದಕ್ಕೇ ಕೇಳಿದೆ" ಎನ್ನುತ್ತ ಅವರು ಚಪ್ಪಲಿ ಮೆಟ್ಟಿದರು.

ಎರಡನೆಯ ಸಾಕ್ಷಿ ಮೇಲ್ಮಹಡಿಯ ನಿವೃತ್ತ ನರ್ಸಮ್ಮ. ಅವರು ಬರುವಾಗ ಕನ್ನಡಕ ಮರೆತು ಬಂದರು, ಕುತೂಹಲವನ್ನು ಮರೆಯಲಿಲ್ಲ. ಅಡುಗೆಮನೆಗೆ ಬಂದವರೇ ಒಲೆಯನ್ನು ಬಿಟ್ಟು ಮಶೀನಿನ ಕಡೆ ನೋಡಿ, "ಮೂರು ದಿನದಿಂದ ಸದ್ದೇ ಇಲ್ಲ ಅಂದ್ಕೊಂಡೆ. ಅಂಗಿ ಅರ್ಧಕ್ಕೇ ನಿಂತಿದೆ. ಸೂಜಿನೂ ಬಟ್ಟೇಲೇ ಇದೆ" ಎಂದು ಏಜೆಂಟರಿಗೆ ಕೇಳುವಷ್ಟು ಮೆಲ್ಲಗೆ ಹೇಳಿದರು.

ಮಹಜರಪ್ಪನವರು ಇದಕ್ಕೆಲ್ಲ ಕಿವಿಗೊಡಲಿಲ್ಲ. ಎರಡು ಹಾಳೆ, ನಡುವೆ ಕಾರ್ಬನ್ನು. ಬಿಲ್ಲೆಯ ಸುತ್ತಲಿನ ಸ್ಟೀಲ್ ಬಳೆಯನ್ನು ಚಮಚದಿಂದ ಮೀಟಿ ಎತ್ತಿ, ಟಾರ್ಚು ಬಿಟ್ಟು, ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ನೋಡಿ ಬರೆದರು. ಕಂಡದ್ದೆಷ್ಟೋ ಅಷ್ಟೇ ಬರೆದರು. ಅದು ಯಾಕಿದೆ, ಯಾರದ್ದು ಎಂದು ಯೋಚಿಸಲಿಲ್ಲ. ಯೋಚಿಸುವುದು ಮಹಜರು ಬರೆಯುವವನ ಕೆಲಸವಲ್ಲ. ಬರೆದು ಮುಗಿದ ಮೇಲೆ ಇಬ್ಬರ ಮುಂದೆ ಹಿಡಿದರು. ನರ್ಸಮ್ಮನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣಲಿಲ್ಲ. ಏಜೆಂಟರು, ಸಹಿ ಹಾಕುವ ಮೊದಲು ಎಲ್ಲ ಓದಬೇಕೆಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವರು, ಓದದೆ ಸಹಿ ಹಾಕಿದರು.

"ಇನ್ನೊಂದು ಉಪಕಾರ" ಎಂದರು ಮಹಜರಪ್ಪನವರು. "ನರ್ಸಮ್ಮ, ನಿಮ್ಮ ಹತ್ರ ರಬ್ಬರ್ ಕೈಗವಸು ಇರುತ್ತಲ್ಲ."

"ಎಷ್ಟು ಜೊತೆ?"

"ಎರಡಿರಲಿ. ಕೆಲಸ ಸ್ವಲ್ಪ ಜಾಸ್ತಿ ಇದೆ. ಒಳಗೆಲ್ಲ ಮೆತ್ಕೊಂಡಿದೆ. ನಾಳೆ ಅವರಣ್ಣ ಬರೋದರೊಳಗೆ ಒಂದು ಗುರುತೂ ಉಳೀಬಾರದು."

ಸಾಕ್ಷಿಗಳಿಬ್ಬರೂ ಮೆಟ್ಟಿಲ ಮೇಲೆ ನಿಂತು ಮುಖಮುಖ ನೋಡಿಕೊಂಡರು. ನರ್ಸಮ್ಮ ಟೈಲರಮ್ಮನ ಫೋನಿಗೆ ಕರೆ ಮಾಡಿದರು. ಸ್ವಿಚ್ ಆಫ್. ಚಾರ್ಜರು ಮಶೀನಿನ ಪಕ್ಕದಲ್ಲೇ ನೇತಾಡುತ್ತಿದ್ದುದನ್ನು ಅವರು ಕನ್ನಡಕವಿಲ್ಲದೆಯೂ ನೋಡಿದ್ದರು. "ಹೆಂಗಸು ಸೂಜಿ ಬೇಕಾದ್ರೆ ಮರೀತಾಳೆ, ಚಾರ್ಜರ್ ಮರೀತಾಳಾ?" ಎಂದರು. ಏಜೆಂಟರು ಇದಕ್ಕೆ ತಲೆಯಾಡಿಸಿದರು. ಇನ್ನು ತಡಮಾಡುವುದು ಸರಿಯಲ್ಲವೆಂದು ಇಬ್ಬರೂ ಸೇರಿ ಡ್ರಿಲ್ ಮೇಷ್ಟ್ರಿಗೆ ಫೋನು ಮಾಡಿದರು.

ಒಳಗೆ ಈ ಬಡಪಾಯಿ, ಒಲೆಯ ಜೊತೆ ಬಂದ ಹಳೆಯ ಪುಸ್ತಕವನ್ನು ಹುಡುಕಿ ತೆಗೆದು, ಅದರಲ್ಲಿದ್ದಂತೆ ಅಕ್ಷರಶಃ ನಡೆಯುತ್ತಿದ್ದರು. ಮೊದಲು ಮೇನ್ ಸ್ವಿಚ್ಚು ಆರಿಸಿದರು. ಬಿಲ್ಲೆ ತಣ್ಣಗಾಗುವವರೆಗೆ ಕುರ್ಚಿ ಹಾಕಿಕೊಂಡು ಕಾದರು. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಕರಿಯ ಮೇಲೆ ಮೆತ್ತಿ, ಗಡಿಯಾರ ನೋಡಿ ಅರ್ಧ ಗಂಟೆ ಬಿಟ್ಟರು. ಸುತ್ತಲಿನ ಸ್ಟೀಲಿನ ಮೇಲೆ ವಿನೆಗರ್ ಚಿಮುಕಿಸಿದಾಗ ಬುಸ್ಸೆಂದು ನೊರೆ ಎದ್ದು, ಅವರು ಎರಡು ಹೆಜ್ಜೆ ಹಿಂದೆ ಹೋಗಿ ಪಾತ್ರೆ ಸ್ಟ್ಯಾಂಡಿಗೆ ಬೆನ್ನು ಕೊಟ್ಟರು. ಲೋಟ, ತಟ್ಟೆ, ಸೌಟು ಎಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಮೇಲೆ ನರ್ಸಮ್ಮ ಆ ಸದ್ದಿನ ಗಂಟೆ ನಿಮಿಷ ಗುರುತು ಮಾಡಿಕೊಂಡರು. ತಂತಿ ನಾರಿನಿಂದ ಮೂಲೆಮೂಲೆ ತಿಕ್ಕಿ, ಒದ್ದೆ ಬಟ್ಟೆಯಿಂದ ಏಳು ಸಲ ಒರೆಸಿ, ಮೇನ್ ಸ್ವಿಚ್ಚು ಮತ್ತೆ ಹಾಕಿ, ವಾಸನೆ ಹೋಗಲೆಂದು ನಿಂಬೆಹಣ್ಣು ಹೆಚ್ಚಿ ಹಾಕಿದ ನೀರನ್ನು ಮುಂದಿನ ಬಿಲ್ಲೆಯ ಮೇಲೆ ಕುದಿಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಒಲೆ ಹೊಳೆಯಿತು. ವಾಸನೆ ಹೋಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು.

ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ಬಿಲ್ಲೆ ತುಕ್ಕು ಹಿಡಿಯದಂತೆ ಒಂದು ಹನಿ ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿ ಎರಡು ನಿಮಿಷ ಕಾಯಿಸಬೇಕು, ಸ್ವಲ್ಪ ಹೊಗೆ ಬಂದರೆ ಗಾಬರಿಯಾಗಬಾರದು. ಬರೆದದ್ದನ್ನು ಬಿಡುವ ಜಾಯಮಾನ ಇವರದಲ್ಲ. ಎಣ್ಣೆ ಸವರಿದರು, ಗುಂಡಿ ತಿರುಗಿಸಿದರು. ಹೊಗೆ ಬಂತು, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಂತು. ಗಾಬರಿಯಾಗಬಾರದು ಎಂದುಕೊಳ್ಳುತ್ತ ಗಾಬರಿಯಿಂದ ತಿರುಗಿದಾಗ ಮೊಣಕೈ ತಗುಲಿ ಪುಸ್ತಕ ಸೋಡಾ ನೀರಿನ ಬಕೆಟ್ಟಿಗೆ ಬಿತ್ತು. ಅದನ್ನೆತ್ತಲು ಬಗ್ಗಿದವರು ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಭಾವ, ಅವರ ಹಿಂದೆ ಸಾಕ್ಷಿಗಳಿಬ್ಬರು.

ಮಹಜರಪ್ಪನವರ ಬಲಗೈಯಲ್ಲಿ ಎಣ್ಣೆ ಡಬ್ಬಿ ಇತ್ತು. ಒಲೆಯ ಮೇಲೆ ಹೊಗೆ ಇತ್ತು.

"ಎಲ್ರೀ ಅವರು?" ಎಂದರು ನರ್ಸಮ್ಮ, ಬೀರುವಿನ ಕಡೆ ನೋಡುತ್ತ.

"ನರ್ಸಮ್ಮ, ಅದು ಮುಗೀತು" ಎಂದರು ಡ್ರಿಲ್ ಮೇಷ್ಟ್ರು. "ದಾರೀಲಿ ಬರ್ತಾ ಚಿಕ್ಕ ತಂಗಿ ಫೋನಿಗೆ ಮಾಡಿ ಮಾತಾಡಿದೆ. ನಿಮ್ಮ ಟೈಲರಮ್ಮ ಚೆನ್ನಾಗಿದ್ದಾಳೆ. ಊಟ ಮಾಡ್ತಾ ಇದ್ಲು."

"ಒಳ್ಳೇದಾಯ್ತು" ಎಂದರು ನರ್ಸಮ್ಮ. ಸಂತೋಷದಿಂದಲೇ ಹೇಳಿದರು, ಆದರೆ ದನಿ ಸ್ವಲ್ಪ ಸಪ್ಪೆಯಾಗಿತ್ತು.

"ಇವರು ಒಲೆ ಬಿಚ್ಚಿ, ಸಾಕ್ಷಿ ಕರೆದು ರಿಪೋರ್ಟ್ ಬರೆದಿದ್ದಾರಂತೆ ಅಂತ ಹೇಳಿದೆ. ಪಾಪ, ಅಷ್ಟಕ್ಕೇ ಅವಳ ಮಾತೇ ನಿಂತುಹೋಯ್ತು. 'ಯಾವ ಕಡೆ ಬಿಲ್ಲೆ ಅಣ್ಣ?' ಅಂತ ಕೇಳಿದ್ಲು. ಊಟ ಅರ್ಧಕ್ಕೇ ಬಿಟ್ಟು ಬಸ್ ಹತ್ತಿದ್ದಾಳೆ. ಮನೆ ಸಾಮಾನಿನ ಮೇಲೆ ಎಷ್ಟು ಕಾಳಜಿ ನೋಡಿ." ಮೇಷ್ಟ್ರು ಮಹಜರಪ್ಪನವರ ಕಡೆ ತಿರುಗಿದರು. "ಅದಿರಲಿ. ಈ ಎಣ್ಣೆ ಯಾಕ್ರೀ?"

"ಪುಸ್ತಕದಲ್ಲಿದೆ ಭಾವ. ಸವರಬೇಕು ಅಂತ."

"ಎಲ್ಲಿದೆ ಪುಸ್ತಕ?"

ಮಹಜರಪ್ಪನವರು ಬಕೆಟ್ಟಿನಿಂದ ಒಂದು ಮುದ್ದೆಯನ್ನು ಎತ್ತಿ ತೋರಿಸಿದರು. ಎಣ್ಣೆಯ ಸಾಲಿದ್ದ ಪುಟ ಬೆರಳಿಗೆ ಅಂಟಿಕೊಂಡು ಬಂತು, ಸಾಲು ಬರಲಿಲ್ಲ.

"ಉಸಿರು ಬಿಡಿ" ಎಂದರು ಮೇಷ್ಟ್ರು. ಬಿಟ್ಟರು. "ಇನ್ನೂ ಜೋರಾಗಿ." ಬಿಟ್ಟರು. ಮೇಷ್ಟ್ರು ಮೀಸೆ ಮೂಸಿದರು, ಬೆರಳು ಮೂಸಿದರು, ಅಂಗಿಯ ತೋಳು ಮೂಸಿದರು. "ಎಲ್ಲ ಕಡೆ ನಿಂಬೆಹಣ್ಣು. ಏನೂ ಮಾಡದವನು ಇಷ್ಟೊಂದು ನಿಂಬೆಹಣ್ಣು ಯಾಕೆ ಹಾಕ್ತಾನೆ?"

"ಇಷ್ಟು ವರ್ಷದಲ್ಲಿ ಒಂದು ಲೋಟ ತೊಳೆದದ್ದನ್ನ ನಾನು ನೋಡಿಲ್ಲ" ಎಂದರು ನರ್ಸಮ್ಮ.

"ಕ್ಲೀನಾಗಿದ್ರೇನೇ ನಾವು ಹೆಚ್ಚು ವಿಚಾರಿಸೋದು" ಎಂದರು ಏಜೆಂಟರು. "ಕೊಳೆ ಇದ್ದಿದ್ರೆ ನಾನು ಇವರನ್ನ ನಂಬ್ತಿದ್ದೆ."

ಮಹಜರಪ್ಪನವರು ಇಷ್ಟಕ್ಕೂ ಎದೆಗುಂದಲಿಲ್ಲ. ಅವರ ಅಂಗಿಯ ಜೇಬಿನಲ್ಲಿ ರಾಮಬಾಣವಿತ್ತು. "ಭಾವ, ವಾಸನೆ ನಾನು ಮುಟ್ಟೋ ಮೊದಲೇ ಇತ್ತು. ಮಹಜರಾಗಿದೆ. ಎರಡು ಪ್ರತಿ. ಈ ಇಬ್ಬರೇ ಸಾಕ್ಷಿ. ಅದರಲ್ಲಿ ಎಲ್ಲ ಇದೆ, ಒಂದಕ್ಷರ ಬಿಟ್ಟಿಲ್ಲ."

"ಹಾಗಾದ್ರೆ ಅವಳು ಬರ್ಲಿ. ಅವಳೆದುರಿಗೇ ಓದಿ" ಎಂದು ಮೇಷ್ಟ್ರು ಆರಾಮ ಕುರ್ಚಿಯನ್ನೇ ಎಳೆದು ತಂದು ಕೂತರು. ಕೂತ ರೀತಿ ನೋಡಿದರೆ ಕುರ್ಚಿ ಆಗಲೇ ಕೈ ಬದಲಾಯಿಸಿದಂತಿತ್ತು.

ಮೂರು ಗಂಟೆಗೆ ಟೈಲರಮ್ಮ ಬಂದರು. ಚೀಲವನ್ನು ಬಾಗಿಲಲ್ಲೇ ಹಾಕಿ, ಗಂಡನನ್ನು ನೋಡದೆ, ಅಣ್ಣನನ್ನು ನೋಡದೆ ನೇರ ಅಡುಗೆಮನೆಗೆ ಹೋಗಿ ಹಿಂದಿನ ಬಲಗಡೆ ಬಿಲ್ಲೆಯ ಮುಂದೆ ನಿಂತುಬಿಟ್ಟರು.

"ಯಾರು ಹೇಳಿದ್ರು ನಿಮಗೆ ಇದನ್ನ ತೊಳೆಯೋಕೆ?"

"ವಾಸನೆ ಬಂತು ಇವಳೇ. ಹಿಂದಿನ ಬಾಡಿಗೆಯವರದ್ದು."

"ಹಾಂ" ಎಂದರು ಟೈಲರಮ್ಮ. ಅಣ್ಣನ ಕಡೆ ಒಮ್ಮೆ ನೋಡಿ, "ಹೌದು, ಅವರದ್ದೇ. ನನಗೂ ಒಂದೊಂದು ಸಲ ಬರ್ತಿತ್ತು. ಈಗ ತೊಳೆದಾಯ್ತಲ್ಲ, ಅಣ್ಣ, ನೀನು ಹೊರಡು, ಬಸ್ ತಪ್ಪುತ್ತೆ" ಎಂದರು.

"ಎಲ್ಲಿಗೆ ಹೊರಡೋದು? ಇವರು ನಿನಗೆ ಟೋಪಿ ಹಾಕ್ತಿದ್ದಾರೆ. ಓದ್ರೀ ಅದನ್ನ."

"ಓದೋದೇನೂ ಬೇಡ" ಎಂದರು ಟೈಲರಮ್ಮ. ಆದರೆ ಮಹಜರಪ್ಪನವರಿಗೆ ಈ ಗಳಿಗೆ ಬಾಳಿನಲ್ಲಿ ಒಂದೇ ಸಲ ಬರುವಂಥದ್ದು. ಕಚೇರಿಯಲ್ಲಿ ಅವರ ಮಹಜರನ್ನು ಯಾರೂ ಓದುತ್ತಿರಲಿಲ್ಲ, ಕಡತಕ್ಕೆ ಹಾಕುತ್ತಿದ್ದರು. ಇಲ್ಲಿ ನಾಲ್ಕು ಜನ ಕಾದು ಕೂತಿದ್ದರು. ಅವರು ಗಂಟಲು ಸರಿಮಾಡಿಕೊಂಡರು.

"ಈ ದಿನ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಕೆಳಗೆ ಸಹಿ ಮಾಡಿರುವ ಸಾಕ್ಷಿದಾರರ ಸಮಕ್ಷಮ ಅಡುಗೆಮನೆಯ ಕರೆಂಟ್ ಒಲೆಯನ್ನು ಪರಿಶೀಲಿಸಲಾಗಿ ಕಂಡುಬಂದದ್ದೇನೆಂದರೆ: ಒಂದು, ಮುಂದಿನ ಎರಡು ಬಿಲ್ಲೆಗಳು ಮತ್ತು ಹಿಂದಿನ ಎಡಗಡೆ ಬಿಲ್ಲೆ ವಾಸನಾರಹಿತವಾಗಿವೆ. ಎರಡು, ಹಿಂದಿನ ಬಲಗಡೆ ಬಿಲ್ಲೆಯಿಂದ ಕರಿದ ಎಣ್ಣೆಯ ವಾಸನೆ ಬರುತ್ತಿದ್ದು, ಅದು ಇಬ್ಬರು ಸಾಕ್ಷಿಗಳ ಮೂಗಿಗೂ ಬಂದಿರುತ್ತದೆ."

"ಬಂದಿತ್ತು" ಎಂದರು ಏಜೆಂಟರು.

"ಮೂರು, ಸದರಿ ಬಿಲ್ಲೆಯ ಸ್ಟೀಲ್ ಬಳೆಯ ಅಡಿಯಲ್ಲಿ ಆಲೂಗಡ್ಡೆಯ ಕರಿದ ಹೋಳಿನ ಚೂರು ಐದು. ಈ ಪೈಕಿ ನಾಲ್ಕು ಗಟ್ಟಿಯಾಗಿದ್ದು, ಒಂದು ಇನ್ನೂ ಮೆತ್ತಗಿದೆ."

"ಮೆತ್ತಗಿದೆಯಾ?" ಮೇಷ್ಟ್ರು ಮುಂದಕ್ಕೆ ಬಗ್ಗಿದರು. "ಹಿಂದಿನ ಬಾಡಿಗೆಯವರು ಹೋಗಿ ಆರು ವರ್ಷ ಆಯ್ತಲ್ರೀ."

"ನಾನು ಕಂಡದ್ದು ಬರೆದಿದ್ದೀನಿ ಭಾವ. ನಾಲ್ಕು, ಸದರಿ ಎಣ್ಣೆಯಲ್ಲಿ ನೆನೆದು ಅಂಟಿಕೊಂಡಿರುವ..."

ಅಲ್ಲಿಗೆ ಅವರ ಓದು ನಿಂತಿತು.

ಮುಂದಿನ ಪದಗಳು ಹಾಳೆಯ ಮೇಲೆ ಅವರದೇ ದುಂಡು ಅಕ್ಷರದಲ್ಲಿದ್ದವು: ಮರೂನ್ ಬಣ್ಣದ ದಾರದ ಎಳೆ ಒಂದು, ಉದ್ದ ಸುಮಾರು ಎರಡು ಅಂಗುಲ. ಬೆಳಿಗ್ಗೆ ಬರೆದದ್ದು ಅವರೇ. ಓದಿದ್ದು ಇದೇ ಮೊದಲು. ಅವರ ಕಣ್ಣು ಹಾಳೆಯಿಂದ ಮಶೀನಿಗೆ ಹೋಯಿತು, ಮಶೀನಿನ ಮೇಲಿದ್ದ ಮರೂನ್ ಅಂಗಿಗೆ ಹೋಯಿತು, ಅಲ್ಲಿಂದ ಹೆಂಡತಿಯ ಸೆರಗಿಗೆ ಹೋಯಿತು; ಅಲ್ಲಿಯೂ ಒಂದು ಎಳೆ ಅಂಟಿಕೊಂಡಿತ್ತು. ಆಮೇಲೆ ಮುಖಕ್ಕೆ ಹೋಯಿತು. ಟೈಲರಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಟ್ರಂಕಿನ ತಗ್ಗಿಗೆ ಸಹಿ ಹಾಕಿದ ದಿನ ಮಾವನವರ ಮುಖ ಹೀಗೇ ಇತ್ತು.

"ಅಂಟಿಕೊಂಡಿರುವ ಏನು?" ಎಂದರು ಮೇಷ್ಟ್ರು.

"ಅಷ್ಟೇ. ಮಹಜರು ಮುಗೀತು."

"ಇನ್ನೂ ಎರಡು ಸಾಲಿದೆಯಲ್ಲ, ಇಲ್ಲಿಂದ ಕಾಣ್ತಿದೆ" ಎಂದರು ನರ್ಸಮ್ಮ. ಈ ಸಲ ಅವರು ಕನ್ನಡಕ ಹಾಕಿಕೊಂಡೇ ಬಂದಿದ್ದರು.

"ವಿಷಯ ಎಲ್ಲ ಕೊನೇ ಸಾಲಲ್ಲೇ ಇರೋದು" ಎಂದರು ಏಜೆಂಟರು.

ಮೇಷ್ಟ್ರು ಎದ್ದು ಕೈ ಚಾಚಿದರು. "ಕೊಡಿ ಇಲ್ಲಿ."

ಮಹಜರಪ್ಪನವರು ಹಾಳೆಯನ್ನು ನಾಲ್ಕು ಮಡಿಕೆ ಮಡಿಚಿ ಬಕೆಟ್ಟಿನೊಳಗೆ ಹಾಕಿ, ಇನ್ನೂ ಕಳಚದ ಕೈಗವಸಿನ ಕೈಯಿಂದ ಅದುಮಿ ಹಿಡಿದರು. ನೀಲಿ ಶಾಯಿ ಸೋಡಾ ನೀರಿನಲ್ಲಿ ಕರಗಿತು. ಪುರಸಭೆಯ ಮೇಲಧಿಕಾರಿಗಳು ಆ ದೃಶ್ಯವನ್ನು ಕಂಡಿದ್ದರೆ ಕಣ್ಣನ್ನು ನಂಬುತ್ತಿರಲಿಲ್ಲ.

"ಮಹಜರು ಸುಳ್ಳು ಭಾವ" ಎಂದರು ಅವರು. "ಕರಿದದ್ದು ನಾನೇ. ನಿನ್ನೆ. ಆಲೂಗಡ್ಡೆ."

ಮೊದಲು ನರ್ಸಮ್ಮ ಚೇತರಿಸಿಕೊಂಡರು. "ಅಯ್ಯೋ ಪಾಪ ತಾಯಿ" ಎಂದು ಟೈಲರಮ್ಮನ ಭುಜ ಹಿಡಿದರು. "ನೀವು ಇವರಿಗೋಸ್ಕರ ಸಪ್ಪೆ ತಿಂದು ಒಣಗಿದ್ದೀರಿ, ಇವರು ನೋಡಿದ್ರೆ ಬಾಗಿಲು ಹಾಕ್ಕೊಂಡು ಕರಿದು ತಿಂತಾರೆ." ಟೈಲರಮ್ಮನ ಕಣ್ಣಲ್ಲಿ ನೀರು ಸುರಿಯತೊಡಗಿತು. ನರ್ಸಮ್ಮ ಅದನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ನನ್ನಿಂದ ಸುಳ್ಳು ಮಹಜರಿಗೆ ಸಹಿ ಹಾಕಿಸಿದಿರಿ ಎಂದು ಏಜೆಂಟರು ಮುನಿಸಿಕೊಂಡು ಹೊರಟರು. ಡ್ರಿಲ್ ಮೇಷ್ಟ್ರು ಮಾತ್ರ ಏನೂ ಬೈಯಲಿಲ್ಲ. ಹಾಸಿಗೆ ತರಲು ಹೋದರು. ಸೀಟಿ ಹೇಗೂ ಕುತ್ತಿಗೆಯಲ್ಲೇ ಇತ್ತು.

ಮನೆಯಲ್ಲಿ ಇಬ್ಬರೇ ಉಳಿದರು. ಟೈಲರಮ್ಮ ಒಲೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದರು.

"ರೀ, ಅಣ್ಣ ಬಂದ ಕೂಡ್ಲೆ ನಾನೇ ಹೇಳಿಬಿಡ್ತೀನಿ."

"ಬೇಡ. ಇಬ್ಬರು ಹಾರೋಕೆ ಟೆರೇಸಲ್ಲಿ ಜಾಗ ಸಾಲಲ್ಲ."

"ನಿಮ್ಮ ಇಪ್ಪತ್ತೊಂಬತ್ತು ವರ್ಷ..."

"ಇನ್ನೊಂದು ಮಾತು ಇವಳೇ" ಎಂದರು ಮಹಜರಪ್ಪನವರು, ಕೈಗವಸು ಕಳಚುತ್ತ. "ಸೆರಗಲ್ಲಿ ದಾರ ಇಟ್ಕೊಂಡು ಒಲೆ ಹತ್ರ ಹೋಗ್ಬೇಡ. ಬೆಂಕಿ ಹತ್ತುತ್ತೆ."

ಭಾನುವಾರದಿಂದ ಡ್ರಿಲ್ ಶುರುವಾಯಿತು. ಟೆರೇಸಿಗೆ ಸರಿಯಾಗಿ ಕೆಳಗೇ ಇದ್ದ ನರ್ಸಮ್ಮ ಹಾಸಿಗೆಯಲ್ಲೇ ಮಲಗಿ ಧಪ್ಪಧಪ್ಪ ಎಣಿಸುತ್ತಿದ್ದರು. ಮೊದಲ ದಿನ ನಲವತ್ತು, ಎರಡನೆಯ ದಿನ ಐವತ್ತು. ಇಡೀ ಕಟ್ಟಡದಲ್ಲಿ ಮಹಜರಪ್ಪನವರ ಮಾನ ಹರಾಜಾಗಿತ್ತು, ಟೈಲರಮ್ಮನ ಹೆಸರು ಮೊದಲಿಗಿಂತ ಮೇಲೆ ಹೋಗಿತ್ತು. ಹಾಲು ತರಲು ಹೋದಲ್ಲೆಲ್ಲ ಹೆಂಗಸರು ಅವರ ಕೈ ಹಿಡಿದು ಸಮಾಧಾನ ಹೇಳಿದರು. ಟೈಲರಮ್ಮ ಆ ವಾರ ಯಾರ ಕಣ್ಣನ್ನೂ ನೋಡಿ ಮಾತಾಡಲಿಲ್ಲ. ಮ್ಲಾನವದನೆ ಎಂದು ಅದಕ್ಕೂ ಕನಿಕರಪಟ್ಟರು.

ಗುರುವಾರ ಬೆಳಿಗ್ಗೆ ಮೂವತ್ತೈದನೆಯ ಹಾರಾಟದ ಹೊತ್ತಿಗೆ ಟೈಲರಮ್ಮ ನೀರಿನ ಫ್ಲಾಸ್ಕು ಹಿಡಿದು ಟೆರೇಸಿಗೆ ಬಂದರು. ಮೇಷ್ಟ್ರು ಆಚೆ ತಿರುಗಿ ಮೊಣಕಾಲು ಎದೆಗೆ ಮುಟ್ಟಿಸುವುದು ಹೇಗೆಂದು ಆಕಾಶಕ್ಕೆ ತೋರಿಸುತ್ತಿದ್ದರು. ಫ್ಲಾಸ್ಕಿನ ಮುಚ್ಚಳದೊಳಗೆ ಒಂದು ಮಡಿಚಿದ ಕಾಗದ, ಇನ್ನೂ ಬೆಚ್ಚಗಿತ್ತು. ಮಹಜರಪ್ಪನವರು ಬಿಚ್ಚಿ ನೋಡಿದರು. ಎರಡೇ ಎರಡು ಹೋಳು, ಕಾಗದದಷ್ಟು ತೆಳ್ಳಗೆ ಹೆಚ್ಚಿ, ಅಂಚು ಕೆಂಪಗಾಗುವಂತೆ ಕರಿದದ್ದು. ಕಟ್ಟಿದ್ದ ಕಾಗದ ಕಾರ್ಬನ್ ಪ್ರತಿ. ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿರಬೇಕು. ನಾಲ್ಕನೆಯ ಅಂಶದ ಕೆಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದಿತ್ತು. ಸಾಕ್ಷಿಗಳ ಸಹಿಯ ಕೆಳಗೆ ಮೂರನೆಯ ಸಹಿ ಇತ್ತು.

ಅವರು ಎರಡೂ ಹೋಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡರು.

ಸೀಟಿ ಕೂಗಿತು. "ಏನ್ರೀ ಬಾಯಲ್ಲಿ?"

"ಏನಿಲ್ಲ ಭಾವ."

ಮೇಷ್ಟ್ರು ಗಾಳಿ ಮೂಸುತ್ತ ಹತ್ತಿರ ಬಂದರು. "ಕರಿದ ವಾಸನೆ. ಇಲ್ಲಿ, ಟೆರೇಸಲ್ಲಿ. ನಾನು ರಾತ್ರಿಯೆಲ್ಲ ಇವರ ಬಾಗಿಲಿಗೆ ಅಡ್ಡ ಮಲಗಿದ್ದೀನಿ, ಇವರು ಯಾವಾಗ ಕರಿದ್ರು?"

"ಅವರು ಕರೀಲಿಲ್ಲ ಅಣ್ಣ" ಎಂದರು ಟೈಲರಮ್ಮ. "ನಾನು ಕರಿದದ್ದು. ಇವತ್ತೊಂದೇ ಅಲ್ಲ, ಎಂಟು ತಿಂಗಳಿಂದ. ಅವರು ಆಫೀಸಿಗೆ ಹೋದ ಮೇಲೆ, ದಿನಾ. ಬಲಗಡೆ ಬಿಲ್ಲೆ ಮೇಲೆ."

ಮೇಷ್ಟ್ರ ಬಾಯಿಂದ ಸೀಟಿ ಜಾರಿ ಎದೆಯ ಮೇಲೆ ಬಿತ್ತು. ಅವರು ತಂಗಿಯನ್ನು ನೋಡಿದರು, ಅವಳ ಗಂಡನನ್ನು ನೋಡಿದರು. ತಮ್ಮ ಆಯುಷ್ಯದಲ್ಲಿ ಅನುಮಾನಪಡದೆ ಬಿಟ್ಟಿದ್ದ ಒಬ್ಬಳೇ ಒಬ್ಬಳು ಈಗ ಕಣ್ಣೆದುರಿಗೆ ನಿಂತಿದ್ದಳು.

ಟೈಲರಮ್ಮ ಚಪ್ಪಲಿ ಕಳಚಿ ಗೋಡೆಯ ಪಕ್ಕ ಜೋಡಿಸಿಟ್ಟರು. ಸೆರಗನ್ನು ಸೊಂಟಕ್ಕೆ ಬಿಗಿದು, ಅಂಟಿದ್ದ ಮರೂನ್ ದಾರವನ್ನು ಕಿತ್ತೆಸೆದು, ಗಂಡನ ಪಕ್ಕ ಬಂದು ನಿಂತರು.

"ಊದು ಅಣ್ಣ" ಎಂದರು.

ಕೆಳಗೆ ಹಾಸಿಗೆಯಲ್ಲಿ ನರ್ಸಮ್ಮ ಮೂವತ್ತಾರು ಎಂದು ಎಣಿಸಿದರು. ತಪ್ಪಿತೇನೋ ಎಂದು ಮತ್ತೊಮ್ಮೆ ಕಿವಿಗೊಟ್ಟರು. ಈಗ ಧಪ್ಪೆನ್ನುವ ಸದ್ದು ಜೋಡಿಯಾಗಿ ಬರುತ್ತಿತ್ತು. ಇದರಲ್ಲೇನೋ ಇದೆ ಎಂದು ಅವರು ಎದ್ದು ಕನ್ನಡಕ ಹುಡುಕತೊಡಗಿದರು.

ಟೆರೇಸಿನಲ್ಲಿ ಇಬ್ಬರಿಗೂ ಜಾಗ ಸಾಕಾಗಿತ್ತು.